ಹೊರಸಿನ ನಾಲ್ಕನೆಯ ಕಾಲು

ಫಿರೋಜಗಢದಲ್ಲಿ ನ್ಯಾಯ ಹೇಳುವ ಖಾಜಿ ತೀರಿಕೊಂಡ ಮೂರನೆಯ ದಿನ ಊರಲ್ಲಿ ಡಂಗುರ ಹೊಡೆಸಿದರು. "ಸುಲ್ತಾನರು ಮೂರು ಒಗಟು ಕೇಳುತ್ತಾರೆ. ಮೂರಕ್ಕೂ ಉತ್ತರ ಹೇಳಿದವನೇ ಹೊಸ ಖಾಜಿ. ಅವನ ತಲೆಗೆ ಜೀವಮಾನವಿಡೀ ಅಭಯ. ಒಂದು ತಪ್ಪಿದರೂ ಶುಕ್ರವಾರ ನಮಾಜಿನ ನಂತರ ತಲೆ ಹೋಗುತ್ತದೆ." ಡಂಗುರದವನು ಇದನ್ನು ಮದುವೆ ಊಟಕ್ಕೆ ಕರೆದ ಹಾಗೆ ಕೂಗಿದ.

ಹುದ್ದೆಗೆ ಆಸೆಪಟ್ಟವರು ಹನ್ನೊಂದು ಜನ ಇದ್ದರು. ಕೊನೆಯ ಸಾಲು ಕೇಳಿದ ಮೇಲೆ ಇಬ್ಬರು ಉಳಿದರು.

ಮೊದಲು ಬಂದವನು ಅತ್ತರಿನ ವ್ಯಾಪಾರಿ. ದರ್ಬಾರಿನಲ್ಲಿ ನಲವತ್ತು ವಿದ್ವಾಂಸರು ಸಾಲಾಗಿ ಕೂತಿದ್ದರು. ಸುಲ್ತಾನ ಕೇಳಿದ: "ಇಪ್ಪತ್ತಮೂರು ವರ್ಷ ತುಣುಕು ತುಣುಕಾಗಿ ಇಳಿದು ಬಂತು. ನೆರೆ ಬಂದು ಮನೆಮನೆಯಿಂದ ಅದನ್ನು ಕೊಚ್ಚಿಕೊಂಡು ಹೋದರೂ ಸಂಜೆಯೊಳಗೆ ಒಂದು ಚೂರೂ ಕಡಿಮೆಯಾಗದೆ ಊರಲ್ಲೇ ಇರುತ್ತದೆ. ಏನದು?"

"ತಮ್ಮ ಕೀರ್ತಿ, ಹುಜೂರ್."

ಸುಲ್ತಾನ ಪಟ್ಟಕ್ಕೆ ಬಂದು ಹನ್ನೆರಡೇ ವರ್ಷವಾಗಿತ್ತು. ಆದರೂ ಸಂತೋಷಪಟ್ಟ. ವ್ಯಾಪಾರಿಗೆ ಎಲೆ ಅಡಿಕೆ ಕೊಡಿಸಿ ಸೆರೆಮನೆಗೆ ಕಳಿಸಿದ.

ಎರಡನೆಯವನು ಕುದುರೆ ಪಡೆಯ ಸರದಾರ. ಮೊದಲ ಒಗಟನ್ನು ಹೇಗೋ ದಾಟಿದ. ಎರಡನೆಯದು ಬಂತು. "ಒಬ್ಬರಿಂದ ಒಬ್ಬರಿಗೆ ಬರುತ್ತದೆ. ಕೊಡುವವನು ಯಾರಿಂದ ಪಡೆದೆ ಎಂದು ಹೆಸರು ಹೇಳಲೇಬೇಕು. ನಡುವೆ ಒಬ್ಬ ಸುಳ್ಳನಿದ್ದರೂ ಯಾರೂ ಮುಟ್ಟುವುದಿಲ್ಲ. ಏನದು?"

"ಕದ್ದ ಕುದುರೆ," ಎಂದ ಸರದಾರ. ಅನುಭವದ ಮಾತು. ಅವನೂ ಸೆರೆಮನೆಗೆ ಹೋದ.

ಮೂರನೆಯವರು ತಾವಾಗಿ ಬಂದವರಲ್ಲ. ಸುಲ್ತಾನನೇ ಹೇಳಿ ಕಳಿಸಿದ್ದ. ಮದರಸಾದ ಮೌಲವಿ ಸಿಬ್ಗತುಲ್ಲಾ ಎರಡು ಒಗಟಿಗೆ ಸಲೀಸಾಗಿ ಉತ್ತರ ಹೇಳಿದರು. ಮೂರನೆಯದು: "ಒಬ್ಬನಿಂದ ಆಗುವುದಿಲ್ಲ. ಬಲ್ಲವರೆಲ್ಲ ಸೇರಿದರೆ ಆಗುತ್ತದೆ. ಒಮ್ಮೆ ಆಯಿತೆಂದರೆ ಅರಸನೂ ಮುರಿಯಲಾರ. ಏನದು?"

ಮೌಲವಿ ನಲವತ್ತು ಜನರ ಕಡೆ ನೋಡಿದರು. "ಅದು ಈ ದರ್ಬಾರಿನಲ್ಲಿ ಸಿಗುವಂಥದ್ದಲ್ಲ, ಹುಜೂರ್."

"ಉತ್ತರ ತಪ್ಪು," ಎಂದ ಸುಲ್ತಾನ. ನಲವತ್ತು ಜನ ಜಮಖಾನೆಯ ಹೂವು ನೋಡುತ್ತಿದ್ದರು.

ಮದರಸಾದ ಅಂಗಳದಲ್ಲಿ ಹೊರಸು, ಅಂದರೆ ಹಗ್ಗದ ಮಂಚ, ಹೆಣೆಯುವ ಮೋದೀನ ಎಂಬವನಿದ್ದ. ಓದು ಬರುತ್ತಿರಲಿಲ್ಲ. ಆರು ವರ್ಷ ಹಗ್ಗ ಎಳೆಯುತ್ತಾ ಒಳಗಿನ ಪಾಠ ಕೇಳಿದ್ದ. ಒಂದು ದಿನ ಮೌಲವಿ ಹೊರಗೆ ಬಂದು, "ಹೊರಗೆ ಕೂತು ಕಿವಿಗೊಡಬೇಡ, ಒಳಗೆ ಬಂದು ಕೂತುಕೊಂಡೇ ಹೆಣೆ," ಅಂದಿದ್ದರು. ಈಗ ಮೋದೀನ ಮೌಲವಿಯವರನ್ನು ಇಟ್ಟಿದ್ದ ಸೆರೆಮನೆಯ ಕಿಂಡಿಗೆ ಹೋದ.

"ದರ್ಬಾರಿಗೆ ಹೋಗಬೇಡ, ಮೋದೀನ."

"ಉತ್ತರ ಗೊತ್ತಿದೆ, ಉಸ್ತಾದ್. ಗೆದ್ದರೆ ನಿಮ್ಮನ್ನ ಬಿಡಿಸ್ತೀನಿ."

"ಉತ್ತರ ನನಗೂ ಗೊತ್ತಿತ್ತು," ಎಂದರು ಮೌಲವಿ.

ಶುಕ್ರವಾರ ಬೆಳಿಗ್ಗೆ ಮೋದೀನ ದರ್ಬಾರಿಗೆ ಬಂದ. ಬಟ್ಟೆಗೆ ಇನ್ನೂ ನಾರು ಅಂಟಿತ್ತು. ಬಾಗಿಲ ಕಾವಲಿನವನು ನಕ್ಕ. "ಖಾಜಿ ಸಾಹೇಬರಿಗೆ ಹೊರಸು ತಂದೆಯೇನೋ?"

"ಖಾಜಿ ಯಾರಂತ ಗೊತ್ತಾಗಲಿ. ಅಳತೆ ಆಮೇಲೆ ತಗೋತೀನಿ."

ಸುಲ್ತಾನ ಅವೇ ಮೂರು ಒಗಟು ಕೇಳಿದ. ಮೋದೀನ ನಿಧಾನವಾಗಿ ಹೇಳಿದ.

"ಮೊದಲನೆಯದು ಕುರಾನ್, ಹುಜೂರ್. ಪ್ರವಾದಿಯವರಿಗೆ ಇಪ್ಪತ್ತಮೂರು ವರ್ಷ ಇಳಿದು ಬಂದದ್ದು. ಪ್ರತಿಗಳು ನೀರಿಗೆ ಹೋದರೂ ಬಾಯಿಪಾಠ ಮಾಡಿದವರು ಊರಲ್ಲಿದ್ದಾರೆ. ಎರಡನೆಯದು ಪ್ರವಾದಿಯವರ ನಡೆನುಡಿ, ಹದೀಸ್. ನಾನು ಇಂಥವರಿಂದ ಕೇಳಿದೆ, ಅವರು ಇಂಥವರಿಂದ ಕೇಳಿದರು ಅಂತ ಕೊನೆಯವರೆಗೂ ಹೆಸರು ಹೇಳಬೇಕು. ಮೂರನೆಯದು ಇಜ್ಮಾ. ಬಲ್ಲವರೆಲ್ಲರ ಒಮ್ಮತ. ಕಾನೂನು ಇವುಗಳ ಮೇಲೆ ನಿಲ್ಲುತ್ತದೆ."

"ಮೂರೂ ಸರಿ. ಖಾಜಿಯ ನಿಲುವಂಗಿ ತನ್ನಿ."

ತಟ್ಟೆಯಲ್ಲಿ ನಿಲುವಂಗಿ ಬಂತು.

"ಅದು ಇರಲಿ, ಹುಜೂರ್. ಹೊರಸಿಗೆ ನಾಲ್ಕು ಕಾಲು. ನೀವು ಮೂರೇ ಕೇಳಿದ್ರಿ. ನಾಲ್ಕನೆಯದು ಖಿಯಾಸ್, ಕಾರಣ ಹೋಲಿಸಿ ನೋಡೋದು. ದ್ರಾಕ್ಷಿಯ ಮದ್ಯ ಮತ್ತೇರಿಸುತ್ತದೆ, ಅದಕ್ಕೇ ಬೇಡವಾಯಿತು. ಹಾಗಾದರೆ ಕುರಾನಿನಲ್ಲಿ ಹೆಸರಿಲ್ಲದ ನಮ್ಮ ಈಚಲ ಹೆಂಡವೂ ಬೇಡ, ಕಾರಣ ಒಂದೇ. ಈಗ ಉತ್ತರ ಬಲ್ಲೆ ಅಂತ ನನ್ನ ತಲೆ ಉಳಿಯಿತು. ಆ ಉತ್ತರ ನನಗೆ ಕಲಿಸಿದವರು ಮೌಲವಿ ಸಾಹೇಬರು. ಕಾರಣ ಒಂದೇ. ಅವರ ತಲೆಯೂ ಉಳಿಯಬೇಕು."

ಆ ವಾರದಲ್ಲಿ ಮೊದಲ ಸಲ ಸುಲ್ತಾನ ಒರಗುದಿಂಬು ಬಿಟ್ಟು ನೆಟ್ಟಗೆ ಕೂತ. "ಈ ನಾಲ್ಕನೆಯ ಕಾಲಿಗೆ ಯಾವಾಗ ಕೈ ಹಾಕಬೇಕು?"

"ಮೊದಲ ಮೂರರಲ್ಲಿ ದಾರಿ ಸಿಗದಾಗ. ಆದರೆ ಇದಕ್ಕೆ ದಾರಿ ಮೊದಲನೆಯದರಲ್ಲೇ, ಕುರಾನಿನಲ್ಲೇ ಇದೆ, ಹುಜೂರ್. ನ್ಯಾಯವಿಲ್ಲದೆ ಜೀವ ತೆಗೆಯಬಾರದು."

"ನ್ಯಾಯ ಯಾವುದು ಅಂತ ಹೇಳೋಕೆ ಬಲ್ಲವರು ಇಲ್ಲೇ ಕೂತಿದ್ದಾರೆ." ಸುಲ್ತಾನ ನಲವತ್ತು ಜನರ ಕಡೆ ತಿರುಗಿದ. "ಮೌಲವಿಯ ತಲೆ ಹೋಗುವುದು ನ್ಯಾಯ ಅನ್ನುತ್ತೇನೆ. ವಿರೋಧ ಇದ್ದವರು ಹೇಳಿ."

ಯಾರೂ ಹೇಳಲಿಲ್ಲ. ಒಬ್ಬರಿಗೆ ಕೆಮ್ಮು ಬಂದಿತ್ತು, ತಡೆದುಕೊಂಡರು.

"ನನ್ನ ವಿರೋಧ ಇದೆ," ಎಂದ ಮೋದೀನ.

"ಬಲ್ಲವರ ಒಮ್ಮತ ಅಂತ ನೀನೇ ಹೇಳಿದೆ. ನೀನು ಹೊರಸು ಹೆಣೆಯುವವನು."

"ಈಗ ಖಾಜಿ ಆದೆನಲ್ಲ."

"ನಿಲುವಂಗಿ ತಟ್ಟೆಯಲ್ಲಿದೆ. ಇರಲಿ ಅಂದವನೂ ನೀನೇ."

ಮೋದೀನ ನಲವತ್ತು ಜನರ ಕಡೆ ಕೈ ತೋರಿಸಿದ. "ಹೆದರಿ ಬಾಯಿ ಮುಚ್ಚಿಕೊಂಡರೆ ಅದು ಒಪ್ಪಿಗೆ ಅಲ್ಲ, ಹುಜೂರ್. ಉಸ್ತಾದ್ ಹೇಳಿದ್ದೂ ಅದನ್ನೇ."

"ಹೌದೇ?" ಸುಲ್ತಾನ ಮತ್ತೆ ಆ ಕಡೆ ತಿರುಗಿದ. "ನಿಮ್ಮಲ್ಲಿ ಯಾರಾದರೂ ಹೆದರಿದ್ದೀರಾ?"

ಹೆದರಿದ್ದೇನೆ ಎಂದು ಯಾರೂ ಹೇಳಲಿಲ್ಲ.

"ನೋಡು," ಎಂದ ಸುಲ್ತಾನ.

ನಮಾಜಿನ ನಂತರ ಮೂರು ತಲೆಗಳು ಹೋದವು. ಮೌಲವಿಯದು ಕೊನೆಯದು. ಆಮೇಲೆ ಮೋದೀನನಿಗೆ ನಿಲುವಂಗಿ ತೊಡಿಸಿದರು. ತೋಳು ಗೇಣುದ್ದ ಜಾಸ್ತಿಯಾಗಿತ್ತು. ಮನೆ, ಕುದುರೆ, ಇಬ್ಬರು ಆಳು, ಡಂಗುರದಲ್ಲಿ ಹೇಳದ್ದೂ ಸಿಕ್ಕಿತು. ಸುಲ್ತಾನ ಮಾತಿಗೆ ತಪ್ಪುವವನಲ್ಲ.

ಮುಂದಿನ ಶುಕ್ರವಾರ ಇನ್ನೊಬ್ಬನ ತಲೆಯ ವಿಚಾರ ಬಂತು. "ವಿರೋಧ?" ಎಂದ ಸುಲ್ತಾನ.

"ನನ್ನದಿದೆ," ಎಂದ ಖಾಜಿ ಮೋದೀನ. ಈಗ ಅವನು ಲೆಕ್ಕಕ್ಕೆ ಬರುತ್ತಿದ್ದ. ಅವನ ತಲೆಗೆ ಅಭಯವೂ ಇತ್ತು.

"ಹಾಗಾದರೆ ಒಮ್ಮತ ಆಗಲಿಲ್ಲ," ಎಂದ ಸುಲ್ತಾನ. "ನನ್ನ ಅಪ್ಪಣೆ ಅಂತ ಬರೆದುಕೊಳ್ಳಿ."

ಮುಂದೆ ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಪ್ರತಿ ಶುಕ್ರವಾರ ದರ್ಬಾರಿನ ಬರಹಗಾರ ಅಭ್ಯಾಸಬಲದಿಂದ 'ಒಮ್ಮತ' ಎಂದು ಬರೆಯುತ್ತಿದ್ದ, ತಲೆ ಎತ್ತಿ ಖಾಜಿಯ ಮುಖ ನೋಡುತ್ತಿದ್ದ, ಆ ಪದವನ್ನು ಹೊಡೆದುಹಾಕುತ್ತಿದ್ದ. ಹೊರಗೆ ತಲೆಗಳು ಮೊದಲಿನಂತೆಯೇ ಹೋಗುತ್ತಿದ್ದವು.