ಜಗುಲಿಯ ಮೇಲಿನ ಉದ್ಘಾಟನೆ

“ಮಗುವಿಗೆ ಒಂದು ತುತ್ತು ಉಣ್ಣಿಸೋಕೂ ಬಿಡೋದಿಲ್ಲ, ಮತ್ತೆ ಬಂದರು,” ಎಂದು ಗೊಣಗುತ್ತ ನಾಗವೇಣಿ ಬಾಗಿಲು ತೆಗೆದಳು. ಮನೆ ಮಾಲೀಕ ಪುಟ್ಟಸ್ವಾಮಯ್ಯ ನಿಂತಿದ್ದರು.

“ನನ್ನ ತಂಗಿ ಮಗನಿಗೆ ಮನೆ ಬೇಕು. ಭಾನುವಾರ ಖಾಲಿ ಮಾಡದಿದ್ದರೆ ನಿನ್ನ ಪಾತ್ರೆಪಗಡ ಬೀದಿಗೆ.”

ನಾಗವೇಣಿ ಮಗುವನ್ನು ಸೊಂಟಕ್ಕೇರಿಸಿಕೊಂಡು, ಪುಕ್ಕಟೆ ಸಲಹೆ ಕೊಡುವ ಕಾನೂನು ಕಾಲೇಜಿನ ವಿದ್ಯಾರ್ಥಿಗಳ ಬಳಿ ಓಡಿದಳು.

“ಕೋರ್ಟಿನ ಆದೇಶವಿಲ್ಲದೆ ಹೊರಹಾಕೋ ಹಾಗಿಲ್ಲ ಅಕ್ಕಾ,” ಎಂದಳು ಅವರಲ್ಲೊಬ್ಬಳಾದ ಅಫ್ರೀನ್.

“ನಾನು ಹೇಳಿದರೆ ಮಾಲೀಕರು ಕೇಳ್ತಾರಾ?” ಎಂದಳು ನಾಗವೇಣಿ. “ಅವರ ಬಾಯಿಂದಲೇ ಹೇಳಿಸೋಣ. ಮೈಕ್ ಕಂಡರೆ ಬಿಡುವ ಜನ ಅಲ್ಲ ಅವರು. ಭಾನುವಾರ ನಿಮ್ಮ ಕಾನೂನು ಸಲಹಾ ಶಿಬಿರ ನಮ್ಮ ಜಗುಲಿಯಲ್ಲೇ ಮಾಡಿ. ಹಾರ, ಶಾಲು ತನ್ನಿ.”

ಭಾನುವಾರ ಪುಟ್ಟಸ್ವಾಮಯ್ಯ ಹಮಾಲರ ಜೊತೆ ಬಂದರೆ ಬೀದಿಯೆಲ್ಲ ಜಗುಲಿಯ ಮುಂದೆ ಕೂತಿತ್ತು.

“ಇವರೇ ನಮ್ಮ ಉದ್ಘಾಟಕರು,” ಎಂದಳು ನಾಗವೇಣಿ. ಹಾರ ಕೊರಳಿಗೆ ಬಿತ್ತು, ಶಾಲು ಹೆಗಲೇರಿತು. ಅಫ್ರೀನ್ ಕಿವಿಯಲ್ಲಿ ಹೇಳಿಕೊಟ್ಟದ್ದನ್ನು ಅವರು ಎದೆಯುಬ್ಬಿಸಿ ಗುಡುಗಿದರು: “ಕೋರ್ಟಿನ ಆದೇಶವಿಲ್ಲದೆ ಈ ಬೀದಿಯಲ್ಲಿ ಯಾರನ್ನೂ ಹೊರಹಾಕೋ ಹಾಗಿಲ್ಲ.”

ಹಮಾಲರೂ ಚಪ್ಪಾಳೆ ತಟ್ಟಿದರು. ತಾನೇನು ಹೇಳಿದೆನೆಂಬುದು ಪುಟ್ಟಸ್ವಾಮಯ್ಯನವರಿಗೆ ಆಮೇಲೆ ಹೊಳೆಯಿತು. ಶಾಲು ಸರಿಮಾಡಿಕೊಂಡು ಹಮಾಲರನ್ನು ಬರಿಗೈಯಲ್ಲಿ ವಾಪಸ್ ಕಳಿಸಿದರು.

ಸಂಜೆ ನಾಗವೇಣಿ ಅಫ್ರೀನಳ ಎರಡೂ ಕೈ ಹಿಡಿದುಕೊಂಡಳು. “ನೀವು ಬಂದಿದ್ದಕ್ಕೆ ನನ್ನ ಮಗು ಇವತ್ತು ಮನೆಯೊಳಗೆ ಮಲಗುತ್ತೆ ತಾಯಿ.”

ಅಫ್ರೀನ್ ನಕ್ಕಳು. “ಹಾರ, ಶಾಲು ಯಾವ ಕಾಯ್ದೆಯಲ್ಲಿ ಬರುತ್ತೆ ಅಂತ ನಾಳೆ ನಮ್ಮ ಮೇಷ್ಟ್ರು ಕೇಳಿದರೆ ಏನು ಹೇಳಲಿ ಅಕ್ಕಾ?”