ಕಲ್ಲುಕೋಟೆಯ ಸಂದಿಯಲ್ಲಿ ಗಾಳಿ ಯಾಕೆ ಸಿಳ್ಳೆ ಹಾಕುತ್ತದೆ

ಭೂಮಿ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ಹೆಸರು ಬಿದ್ದಿರಲಿಲ್ಲ. ಗಾಳಿಗೆ ಬಾಯಿತ್ತು, ಕಲ್ಲಿಗೆ ಕಿವಿಯಿತ್ತು, ತೋಳಕ್ಕೆ ಹಸಿವಿತ್ತು.

ಆಗ ಸೂರಜ್ಜ ಅನ್ನುವವನು ಬೋಳು ಗುಡ್ಡವೊಂದರ ನೆತ್ತಿಯಲ್ಲಿ ಬಳೆಯ ಹಾಗೆ ದುಂಡಗೆ ಒಂದು ಕೋಟೆ ಕಟ್ಟಿದ. ಮಣ್ಣಿಲ್ಲ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು, ಅಷ್ಟೆ. ಒಳಗೆ ಗುಡಿಸಲು, ಕುರಿ, ಸೊಸೆ ಓಬಕ್ಕ, ಅವಳ ಎಳೆಗೂಸು. ಹೊರಗೆ ತೋಳ.

ಗಾಳಿ ಬೀಸಿದರೆ ಗೋಡೆಯ ಸಂದಿಸಂದಿಯಲ್ಲೂ ಊಳಿಡುತ್ತಿತ್ತು. ಕೂಸು ಬೆಚ್ಚಿ ಬೀಳುತ್ತಿತ್ತು. ಓಬಕ್ಕ ಎದ್ದು ಕೂರುತ್ತಿದ್ದಳು. ಊಳಿಡುವುದು ಗಾಳಿಯೋ ತೋಳವೋ, ಹೇಗೆ ತಿಳಿಯಬೇಕು?

"ಮಾವ, ಸಂದಿಗೆಲ್ಲ ಮಣ್ಣು ಮೆತ್ತಿಬಿಡಲಾ?"

"ಬೇಡ ಕಣವ್ವ. ಗೋಡೆ ನಿಂತಿರೋದೇ ಸಂದಿಯಿಂದ."

"ತೂತಿನಿಂದ ನಿಲ್ಲೋದಾದ್ರೆ ನನ್ನ ಜರಡೀನೂ ಕೋಟೇನೇ ಬಿಡು."

ಮಾವ ಉಪ್ಪು ತರಲು ಗುಡ್ಡ ಇಳಿದದ್ದೇ ತಡ, ಓಬಕ್ಕ ಮಣ್ಣು ಕಲಸಿದಳು. ಮೆತ್ತಿದಳು, ಮೆತ್ತಿದಳು, ಮೂರು ದಿನ ಮೆತ್ತಿದಳು. ಎಲ್ಲ ಗಪ್‌ಚಿಪ್ಪಾಯಿತು. ಕೂಸು ನಿದ್ದೆ ಮಾಡಿತು.

ನಾಲ್ಕನೇ ದಿನ ಹಾಡಹಗಲೇ ಆಷಾಢದ ಗಾಳಿ ಬಂತು. ದೂಳಿಗೆ ಸೂರ್ಯ ಮುಚ್ಚಿಹೋದ.

"ಓಬಕ್ಕ, ದಾರಿ ಬಿಡು."

"ಸುತ್ತಿಕೊಂಡು ಹೋಗು."

"ಇಷ್ಟು ದೊಡ್ಡ ಮೈ ಎಲ್ಲಿ ತಿರುಗಿಸಲಿ ತಾಯಿ?"

ಗಾಳಿ ತಳ್ಳಿತು. ಗೋಡೆಗೆ ತುಂಬು ಬಸುರಿಯ ಹಾಗೆ ಹೊಟ್ಟೆ ಬಂತು. "ಉಸಿರು ಕಟ್ಟುತ್ತಿದೆ," ಅಂದಿತು ಗೋಡೆ. ಒಂದು ಕಲ್ಲು ಉರುಳಿತು. ಇನ್ನೊಂದು ಉರುಳಿತು. ಗಾಳಿಯ ಹಿಂದೆ ತೋಳ ಬಂದು ಕೂತಿತು.

"ನನಗೇನೂ ಅವಸರವಿಲ್ಲ," ಅಂದಿತು ತೋಳ.

ಮೂರನೇ ಕಲ್ಲು ಉರುಳಿದಾಗ ಅದು ಎದ್ದು ನಿಂತಿತು.

ಓಬಕ್ಕ ಕೂಸನ್ನು ಬೆನ್ನಿಗೆ ಬಿಗಿದುಕೊಂಡು, ಒಣಗಿದ ಮಣ್ಣನ್ನು ಉಗುರಲ್ಲೇ ಕೆದಕಿದಳು. ಉಗುರು ಕಿತ್ತು ರಕ್ತ ಸುರಿಯಿತು. "ತಗೋ, ಹೋಗಪ್ಪ. ಆದ್ರೆ ಊಳಿಡಬೇಡ. ನೀನ್ಯಾರು, ತೋಳ ಯಾರು ಅಂತ ತಿಳಿಯದೆ, ಹೆದರಿ ಮೆತ್ತಿದೆ ಕಣೋ."

ಗಾಳಿ ತಳ್ಳುವುದನ್ನು ಬಿಟ್ಟಿತು. "ಹಂಗಾದ್ರೆ ಸಿಳ್ಳೆ ಹಾಕ್ಕೊಂಡು ಹೋಗ್ತೀನಿ."

ಹಾಗೇ ಹೋಯಿತು. ಗೋಡೆಯ ಹೊಟ್ಟೆ ಇಳಿಯಿತು. ಓಬಕ್ಕ ಬಿದ್ದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಅದರದರ ಜಾಗದಲ್ಲೇ ಇಟ್ಟಳು. ಕೊನೆಯ ಕಲ್ಲು ಇಡುವಾಗ ತೋಳದ ಬಿಸಿಯುಸಿರು ಅವಳ ಕೈಗೆ ತಾಕಿತು.

ಅದಕ್ಕೇ ಮಗಾ, ಹಳೇ ಕಲ್ಲುಕೋಟೆ ಕಾಯುವವರು ಇವತ್ತಿಗೂ ಬಿದ್ದ ಕಲ್ಲನ್ನು ಎತ್ತಿಡುತ್ತಾರೆ, ಸಂದಿಗೆ ಮಾತ್ರ ಏನೂ ಮೆತ್ತುವುದಿಲ್ಲ. ಅಲ್ಲಿ ಸಿಳ್ಳೆ ಕೇಳಿದರೆ ಗಾಳಿ ಅಂತ ತಿಳಿ. ಊಳು ಕೇಳಿತೋ, ಅದು ಗಾಳಿಯಲ್ಲ.