ಹೂ ಮುಡಿದ ಕೋವಿ

ಬೊಳ್ಳಮ್ಮನಿಗೆ ಭಾನುವಾರದೊಳಗೆ ಒಂದು ಕೋವಿ ಬೇಕಿತ್ತು. ಹೊಸದೇ ಆಗಬೇಕೆಂದಿರಲಿಲ್ಲ, ಯಾರೋ ಬಳಸಿ ಬಿಟ್ಟದ್ದಾದರೂ ಸರಿ. ಆದರೆ ಸ್ವಂತದ್ದಾಗಿರಬೇಕಿತ್ತು.

ಅವಳು ಕೊಡಗಿನ ಒಂದು ಸಣ್ಣ ಪೇಟೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಅದು ಗಂಡನ ಕಸುಬು. ಗಂಡ ತೀರಿಕೊಂಡ ಮೂರನೇ ತಿಂಗಳಿಗೆ ಅವನು ಕೂರುತ್ತಿದ್ದ ಸ್ಟೂಲಿನ ಮೇಲೆ ಇವಳು ಕೂತಳು. 'ಹೆಂಗಸು ಎಂಥ ರಿಪೇರಿ ಮಾಡ್ತಾಳೆ' ಎಂದು ಮೂಗು ಮುರಿದವರ ಮನೆಯ ಯಂತ್ರಗಳೇ ಈಗ ಅವಳ ಅಂಗಡಿಯಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಅದಿರಲಿ, ನಾವು ಕೋವಿಯ ವಿಷಯಕ್ಕೆ ಬರೋಣ.

ಆ ಊರಿನಲ್ಲಿ ವರ್ಷಕ್ಕೊಮ್ಮೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ತಂಡಕ್ಕೆ ನಾಲ್ಕು ಜನ, ಒಂದು ಕೋವಿ. ಒಬ್ಬೊಬ್ಬರಿಗೆ ಅರ್ಧ ನಿಮಿಷ. ಅಷ್ಟರಲ್ಲಿ ಎಷ್ಟು ಕಾಯಿ ಉದುರಿಸಿದರೆ ಅಷ್ಟು. ಒಂದೊಂದೇ ತೋಟಾ ತುಂಬುತ್ತ ಕೂತರೆ ಕೆಲಸ ಕೆಟ್ಟ ಹಾಗೆ. ಹಾಗಾಗಿ ಎಲ್ಲ ತಂಡದವರೂ ಸೆಮಿ ಆಟೋಮ್ಯಾಟಿಕ್ ರೈಫಲ್ ತರುತ್ತಾರೆ. ಒಂದು ಗುಂಡು ಹಾರಿದ ಕೂಡಲೇ ಮುಂದಿನದನ್ನು ಅದೇ ತುಂಬಿಕೊಳ್ಳುತ್ತದೆ, ನಾವು ಕುದುರೆ, ಅಂದರೆ ಟ್ರಿಗರ್, ಎಳೆದರೆ ಸಾಕು.

ಹಿಂದಿನ ವರ್ಷ ಬೊಳ್ಳಮ್ಮ ಇನ್ನು ಮೂವರು ಹೆಂಗಸರನ್ನು ಕಟ್ಟಿಕೊಂಡು ಹೆಸರು ಕೊಡಲು ಹೋಗಿದ್ದಳು. ಒಬ್ಬಳು ಆಸ್ಪತ್ರೆಯ ನರ್ಸು, ಒಬ್ಬಳು ಅಂಚೆ ಹಂಚುವವಳು, ಇನ್ನೊಬ್ಬಳು ಕೋಳಿ ಫಾರಂ ನಡೆಸುವ ಮಾಚವ್ವ. ನಾಲ್ವರೂ ಪೇಟೆಯ ಕ್ಲಬ್ಬಿನಲ್ಲಿ ಎರಡು ವರ್ಷ ಗುರಿ ಕಲಿತವರು. ಆದರೆ ಕ್ಲಬ್ಬಿನ ಕೋವಿ ಕ್ಲಬ್ಬಿನ ಗೇಟು ದಾಟುವ ಹಾಗಿಲ್ಲ. ಪಂದ್ಯದ ಗಂಡಸರು ಮೀಸೆಯಡಿಯಲ್ಲೇ ನಕ್ಕು, "ಮೊದಲು ಸ್ವಂತ ಕೋವಿ ತನ್ನಿ ತಾಯಂದಿರೇ, ಆಮೇಲೆ ಹೆಸರು ಬರೆಸಿ" ಎಂದು ಕಳಿಸಿದ್ದರು. ಆ ನಗು ಬೊಳ್ಳಮ್ಮನ ಎದೆಯಲ್ಲಿ ವರ್ಷವಿಡೀ ಮುಳ್ಳಿನಂತೆ ಕೂತಿತ್ತು. ಈ ಸಲ ಪಂದ್ಯ ಭಾನುವಾರ, ಅಷ್ಟರೊಳಗೆ ಕೋವಿ ತರುತ್ತೇನೆಂದು ಮಾತು ಕೊಟ್ಟು ಅವಳು ಮೊದಲೇ ಹೆಸರು ಬರೆಸಿ ಬಂದಿದ್ದಳು.

ಅಂಥ ಹೊತ್ತಿನಲ್ಲಿ ಊರಿನ ಹಿರಿಯರಾದ ಉತ್ತಯ್ಯನವರು ತಮ್ಮ ತಂದೆಯ ಕೋವಿಯನ್ನು ಮಾರುತ್ತಾರೆ ಎಂಬ ಸುದ್ದಿ ಬಂತು. ಎಂಥ ಕೋವಿ ಅಂತೀರಿ! ಉತ್ತಯ್ಯನವರ ತಂದೆ ಆ ಕೋವಿ ಹಿಡಿದು ಒಂಬತ್ತು ವರ್ಷ ಸತತವಾಗಿ ಪಂದ್ಯ ಗೆದ್ದಿದ್ದರು. ಆ ಮುದುಕ ಹೊರಟರೆ ತೆಂಗಿನಕಾಯಿ ತಾನಾಗಿಯೇ ಉದುರುತ್ತಿತ್ತು ಎಂದು ಊರವರು ಕಥೆ ಕಟ್ಟಿ ಹೇಳುತ್ತಿದ್ದರು.

"ಕೈಲ್‌ಪೊಳ್ದ್ ದಿನ ಪೂಜೆ ಆದ ಮೇಲೆ ಬಾ. ದೇವರ ಮುಂದಿಟ್ಟ ಕೋವಿಯನ್ನೇ ನಿನ್ನ ಕೈಗೆ ಕೊಡ್ತೇನೆ" ಎಂದು ಉತ್ತಯ್ಯ ಹೇಳಿ ಕಳಿಸಿದರು.

ಕೈಲ್‌ಪೊಳ್ದ್ ಎಂದರೆ ಕೊಡಗಿನವರ ಆಯುಧದ ಹಬ್ಬ. ಅಂದು ಮನೆಯ ಕೋವಿ ಕತ್ತಿಗಳನ್ನೆಲ್ಲ ಒರೆಸಿ, ದೇವರ ಕೋಣೆಯಲ್ಲಿಟ್ಟು, ಗಂಧ ಹಚ್ಚಿ, ಕೋವಿಯ ಮೂತಿಗೆ ಕೆಂಪು ಹಳದಿಯ ಕೋವಿ ಹೂವು ಮುಡಿಸುತ್ತಾರೆ.

ನಾಲ್ವರೂ ಹೋದರು. ಜಗಲಿಯ ತುಂಬ ನೆಂಟರು. ಒಳಗಿನಿಂದ ಅಕ್ಕಿ ಉಂಡೆಯ ಕಡಂಬಿಟ್ಟು, ಹಂದಿ ಸಾರಿನ ಘಮ. ಉತ್ತಯ್ಯ ಕೆಂಪು ರೇಷ್ಮೆ ಬಟ್ಟೆಯ ಮೇಲೆ ಕೋವಿಯನ್ನು ಮಲಗಿಸಿ ಎರಡೂ ಕೈಯಲ್ಲಿ ಹಿಡಿದು ತಂದರು. ಮೂತಿಯಲ್ಲಿ ಹೂವು ಇನ್ನೂ ಬಾಡಿರಲಿಲ್ಲ. ಬೊಳ್ಳಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ಅವಳೂ ಕೋವಿ ಪೂಜಿಸುವ ಮನೆಯಲ್ಲೇ ಹುಟ್ಟಿದವಳು, ಆ ಭಕ್ತಿಯಲ್ಲಿ ಒಂದು ಚೂರೂ ನಟನೆ ಇರಲಿಲ್ಲ.

ಕಣ್ಣಿಗೊತ್ತಿಕೊಂಡವಳು ಆಮೇಲೆ ಮೆಲ್ಲಗೆ ಹೂವನ್ನು ತೆಗೆದು ತಟ್ಟೆಯಲ್ಲಿಟ್ಟಳು.

"ಏ ಏ, ಎಂಥ ಮಾಡ್ತಿ?" ಉತ್ತಯ್ಯ ಗಾಬರಿಯಾದರು.

"ಪೂಜೆ ಆಯ್ತಲ್ಲ ಮಾವ. ಇನ್ನು ನೋಡಬೇಕು."

"ನೋಡೋದೆಂಥದು? ಒಂಬತ್ತು ವರ್ಷ ಗೆದ್ದ ಕೋವಿ ಅದು!"

"ಗೆದ್ದದ್ದು ನಿಮ್ಮ ಅಪ್ಪ. ಕೋವಿ ಹೇಗಿದೆ ಅಂತ ಕೋವಿಯನ್ನೇ ಕೇಳಬೇಕು" ಎಂದು ಬೊಳ್ಳಮ್ಮ ಚಾಪೆಯ ಮೇಲೆ ಕೂತೇಬಿಟ್ಟಳು.

ಮೊದಲು ಕೋವಿಯ ಮೂತಿಯನ್ನು ಜನರಿಲ್ಲದ ಕಡೆಗೆ, ಅಂಗಳದಾಚೆಯ ಮಣ್ಣಿನ ದಿಬ್ಬಕ್ಕೆ ತಿರುಗಿಸಿದಳು. ತೋಟಾದ ಪೆಟ್ಟಿಗೆ ಕಳಚಿದಳು. ತೋಟಾ ಕೂರುವ ಜಾಗವನ್ನು ಮುಚ್ಚುವ ಬೋಲ್ಟನ್ನು ಹಿಂದಕ್ಕೆಳೆದು ಒಳಗೆ ಕಣ್ಣು ಹಾಯಿಸಿದಳು, ಕಿರುಬೆರಳನ್ನೂ ಆಡಿಸಿದಳು.

"ಖಾಲಿ ಇದೆ ಅಂತ ನಾನು ಹೇಳಿದರೆ ಸಾಲದಾ?" ಉತ್ತಯ್ಯನವರ ಮುಖ ಕೆಂಪೇರಿತು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದಿದ್ದಾರೆ ಮಾವ. ನಾನಿನ್ನೂ ಕಂಡೇ ಇರಲಿಲ್ಲ."

ಜಗಲಿಯಲ್ಲಿ ನಗು ಎದ್ದಿತು. ಒಬ್ಬ ನೆಂಟ, "ಸೀರೆ ಅಂಗಡಿಯಲ್ಲಿ ಸೆರಗು ಬಿಡಿಸಿ ನೋಡಿದ ಹಾಗಾಯ್ತು ಇದು" ಎಂದ. ಇನ್ನೊಬ್ಬ, "ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ತಂಗಿ" ಎಂದು ಬುದ್ಧಿ ಹೇಳಿದ.

"ದಾನ ಕೊಟ್ಟದ್ದು ಎಣಿಸಬಾರದು ಅಣ್ಣ. ಕೊಂಡ ಎಮ್ಮೆಯದ್ದು ಎಣಿಸಲೇಬೇಕು" ಎಂದಳು ಬೊಳ್ಳಮ್ಮ, ತಲೆ ಎತ್ತದೆಯೇ.

ಕೋವಿಯ ದಾಖಲೆ ಕಾಗದದಲ್ಲಿದ್ದ ನಂಬರನ್ನು ಕೋವಿಯ ಮೇಲಿನ ನಂಬರಿಗೆ ಹೋಲಿಸಿದಳು. ಸರಿಯಿತ್ತು. ಬೋಲ್ಟಿನ ಸಂದಿಯಲ್ಲಿ ಒಂದು ಚೂರು ಬಿಳಿ ಕಾಗದ ಹಿಡಿದು, ಟಾರ್ಚ್ ಬಿಟ್ಟು, ಮೂತಿಯ ಕಡೆಯಿಂದ ನಳಿಗೆಯೊಳಗೆ ನೋಡಿದಳು. ತುಕ್ಕಿಲ್ಲ, ಹೊಂಡವಿಲ್ಲ, ಗುಂಡನ್ನು ತಿರುಗಿಸುವ ಒಳಗೀರುಗಳು ಸುರುಳಿ ಸುರುಳಿಯಾಗಿ ಚೊಕ್ಕವಾಗಿದ್ದವು. ಮರದಲ್ಲಿ ಬಿರುಕಿರಲಿಲ್ಲ. ತೋಟಾದ ಪೆಟ್ಟಿಗೆಯ ಸ್ಪ್ರಿಂಗ್ ಗಟ್ಟಿಯಾಗಿತ್ತು. ಹಿಂದೆ ನಿಂತಿದ್ದ ಮಾಚವ್ವನ ಮುಖ ಅರಳುತ್ತ ಬಂತು. ನಿಜ ಹೇಳಬೇಕೆಂದರೆ ಬೊಳ್ಳಮ್ಮನಿಗೂ ಆಸೆ ಉಕ್ಕುತ್ತಿತ್ತು. ಅಷ್ಟು ಒಳ್ಳೆಯ ನಳಿಗೆಯನ್ನು ಅವಳು ಕ್ಲಬ್ಬಿನಲ್ಲೂ ಕಂಡಿರಲಿಲ್ಲ.

"ಆಯ್ತಲ್ಲ? ಇನ್ನು ಹೂವು ಮುಡಿಸು, ಊಟಕ್ಕೆ ಏಳಿ" ಎಂದರು ಉತ್ತಯ್ಯ, ತುಸು ಅವಸರದಲ್ಲಿ.

ಆ ಅವಸರ ಬೊಳ್ಳಮ್ಮನ ಕಿವಿಗೆ ತಟ್ಟಿತು. ಹಳೇ ಹೊಲಿಗೆ ಯಂತ್ರ ಮಾರುವವರು ಹೀಗೆಯೇ, ಕೆಟ್ಟಿರುವ ಜಾಗಕ್ಕೆ ಕೈ ಹೋಗುವ ಹೊತ್ತಿಗೆ ಕಾಫಿ ತರಿಸುತ್ತಾರೆ.

"ಇನ್ನೊಂದೇ ಇದೆ ಮಾವ."

ಅವಳು ಕೋವಿ ಖಾಲಿ ಇದೆಯೆಂದು ಇನ್ನೊಮ್ಮೆ ನೋಡಿದಳು. ಬೋಲ್ಟ್ ಎಳೆದು ಬಿಟ್ಟು, ಗುಂಡು ಹೊಡೆಯಲು ಸಜ್ಜಾದ ಸ್ಥಿತಿಗೆ ತಂದಳು. ಸೇಫ್ಟಿ ಹಾಕಿದಳು. ಅಂದರೆ ಇನ್ನು ಏನೇ ಆದರೂ ಆ ಕೋವಿ ಸಿಡಿಯಕೂಡದು. ಆಮೇಲೆ ಎದ್ದು ನಿಂತು, ಮೂತಿ ಮೇಲಕ್ಕೆ ಮಾಡಿ, ಮುಖ ದೂರ ಇಟ್ಟುಕೊಂಡು, ಕೋವಿಯ ಮರದ ಬುಡವನ್ನು ಚಾಪೆಯ ಮೇಲೆ ಒಮ್ಮೆ ಕುಟ್ಟಿದಳು.

"ದೇವರ ಕೋವಿಯನ್ನು ನೆಲಕ್ಕೆ ಕುಟ್ಟೋದಾ!" ಜಗಲಿಯಲ್ಲಿ ಹತ್ತು ಬಾಯಿ ಒಟ್ಟಿಗೆ ಕೂಗಿದವು.

ಬೊಳ್ಳಮ್ಮ ಕೇಳಿಸಿಕೊಳ್ಳಲಿಲ್ಲ. ಮತ್ತೊಮ್ಮೆ ಕುಟ್ಟಿದಳು.

ಟಕ್.

ಸಣ್ಣ ಸದ್ದು. ಆದರೆ ಕೋವಿ ಬಲ್ಲ ಜನ ಅವರು, ಅದು ಒಳಗಿನ ಸುತ್ತಿಗೆ ತಾನಾಗಿಯೇ ಬಿದ್ದ ಸದ್ದು ಎಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಯಾರ ಬೆರಳೂ ಕುದುರೆ ಮುಟ್ಟಿರಲಿಲ್ಲ. ಸೇಫ್ಟಿ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗೆ ತೋಟಾ ಇದ್ದಿದ್ದರೆ ಈಗ ಗುಂಡು ಹಾರಿ ಹೋಗಿರುತ್ತಿತ್ತು.

"ಅದು... ಎಣ್ಣೆ ಹೆಚ್ಚಾಗಿರಬೇಕು" ಎಂದರು ಉತ್ತಯ್ಯ.

"ಹಂದಿಯಲ್ಲ" ಎಂದಿತು ಒಂದು ದನಿ.

ಎಲ್ಲರೂ ತಿರುಗಿದರು. ಉತ್ತಯ್ಯನವರ ತಮ್ಮ ಪೂಣಚ್ಚ ಬಾಗಿಲ ಬಳಿ ಕೋಲೂರಿ ನಿಂತಿದ್ದರು. ಪೂಣಚ್ಚನವರ ಬಲ ಮೊಣಕಾಲು ಮಡಚುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಕಾಡುಹಂದಿ ತಿವಿಯಿತು ಎಂದು ಊರಿಗೆಲ್ಲ ಗೊತ್ತು.

"ನನ್ನ ಕಾಲಿಗಾದದ್ದು ಹಂದಿಯಿಂದಲ್ಲ. ಈ ಕೋವಿ ಹೆಗಲಲ್ಲಿತ್ತು, ಮೂತಿ ಕೆಳಗಿತ್ತು, ಸೇಫ್ಟಿ ಹಾಕಿದ್ದೆ. ಜೀಪಿನ ಬಾಗಿಲಿಗೆ ತಗುಲಿತು ಅಷ್ಟೇ. ಅಪ್ಪನ ಕೋವಿಗೆ ಕೆಟ್ಟ ಹೆಸರು ಬರ್ತದೆ ಅಂತ ಇವರೆಲ್ಲ ಸೇರಿ ಹಂದಿಯ ತಲೆಗೆ ಕಟ್ಟಿದರು. ನಾನೂ ಸುಮ್ಮನಿದ್ದೆ. ನನಗೆ ನಾಚಿಕೆಯಾಗ್ತದೆ" ಎಂದರು ಪೂಣಚ್ಚ.

"ಪೂಣಚ್ಚ! ಮನೆತನದ ಮಾನ..."

"ಮಾನ ಉಳಿಸೋಕೆ ಇನ್ನೆಷ್ಟು ಕಾಲು ಬೇಕು ಮಾವ?" ಎಂದು ಬೊಳ್ಳಮ್ಮ ಕೇಳಿದಳು. ಇದನ್ನೇ ತಾನು ಮನೆಗೆ ಒಯ್ಯಲಿದ್ದೆನಲ್ಲ ಎಂದು ಕೋವಿಯನ್ನು ಮೈಯಿಂದ ದೂರ ಹಿಡಿದಳು.

ಉತ್ತಯ್ಯ ದನಿ ತಗ್ಗಿಸಿದರು. "ನೋಡು, ಭಾನುವಾರಕ್ಕೆ ಇನ್ನೆರಡೇ ದಿನ. ಬೇರೆ ಕೋವಿ ನಿನಗೆ ಸಿಕ್ಕೋದಿಲ್ಲ. ಅದೊಂದು ದಿನ ನಡೆಸಿಬಿಡು. ಸೋಮವಾರ ನಾನೇ ರಿಪೇರಿಗೆ ಕಳಿಸ್ತೇನೆ."

ಮಾಚವ್ವ ಬೊಳ್ಳಮ್ಮನ ಸೆರಗು ಜಗ್ಗಿದಳು. ಅವಳ ಕಣ್ಣಲ್ಲಿ ನೀರಿತ್ತು. "ಒಂದೇ ದಿನ ಅಲ್ವಾ ಬೊಳ್ಳಕ್ಕ? ಹುಷಾರಾಗಿ ಹಿಡಿದರಾಯ್ತು. ಇಲ್ಲದಿದ್ದರೆ ಮತ್ತೆ ಅದೇ ನಗು ಕೇಳಬೇಕು."

ಆ ನಗು ಬೊಳ್ಳಮ್ಮನ ಕಿವಿಯಲ್ಲೂ ಕೇಳುತ್ತಿತ್ತು. ಅವಳು ಒಂದು ಕ್ಷಣ ಕೋವಿಯನ್ನು ನೋಡಿದಳು, ಒಂದು ಕ್ಷಣ ಪೂಣಚ್ಚನವರ ಮೊಣಕಾಲನ್ನು ನೋಡಿದಳು. ಆಮೇಲೆ ಕೋವಿಯನ್ನು ರೇಷ್ಮೆ ಬಟ್ಟೆಯ ಮೇಲೆ ಮಲಗಿಸಿ, ತಟ್ಟೆಯಿಂದ ಹೂವನ್ನು ತೆಗೆದು ಮತ್ತೆ ಅದರ ಮೂತಿಗೆ ಮುಡಿಸಿದಳು.

"ಇದು ಪೂಜೆಗೆ ಇರಲಿ ಮಾವ. ಕೈಗೆ ಬೇಡ" ಎಂದು ಮೆಟ್ಟಿಲಿಳಿದಳು. ಊಟಕ್ಕೂ ನಿಲ್ಲಲಿಲ್ಲ.

ಭಾನುವಾರ ಬಂತು. ಮೈದಾನದ ತುಂಬ ಜನ. ನಾಲ್ವರು ಹೆಂಗಸರೂ ಇಸ್ತ್ರಿ ಮಾಡಿದ ಸೀರೆಯುಟ್ಟು, ಬರಿಗೈಯಲ್ಲಿ ಬಂದು ತಂಡಗಳ ಸಾಲಿನಲ್ಲೇ ನಿಂತರು. ಮನೆಯಲ್ಲಿ ಕೂರೋಣ ಎಂದು ಮಾಚವ್ವ ಅಂದಿದ್ದಳು. "ಯಾಕೆ ಕೂರಬೇಕು? ನಾವೇನು ಕದ್ದಿದ್ದೇವಾ?" ಎಂದು ಬೊಳ್ಳಮ್ಮ ಎಳೆದುಕೊಂಡು ಬಂದಿದ್ದಳು.

ಮೈಕಿನಲ್ಲಿ ಅವರ ತಂಡದ ಹೆಸರು ಬಂತು. ನಾಲ್ವರೂ ಗೆರೆಯವರೆಗೆ ನಡೆದು ಹೋದರು.

"ಕೋವಿ ಎಲ್ಲಿ ತಾಯಂದಿರೇ? ಅಡುಗೆಮನೆಯಲ್ಲಿ ಮರೆತು ಬಂದಿರಾ?" ಎಂದಿತು ಮೈಕು. ಮೈದಾನವೆಲ್ಲ ಗೊಳ್ಳೆಂದಿತು.

ಬೊಳ್ಳಮ್ಮ ಹೋಗಿ ಆ ಮೈಕನ್ನೇ ಕಿತ್ತುಕೊಂಡಳು.

"ಕೋವಿ ಇಲ್ಲ. ಒಂದು ಸಿಕ್ಕಿತ್ತು. ಸೇಫ್ಟಿ ಹಾಕಿ ನೆಲಕ್ಕೆ ಕುಟ್ಟಿದರೆ ಟಕ್ ಅಂತು, ಬಿಟ್ಟು ಬಂದೆವು. ಈ ವರ್ಷ ನಮಗೆ ಒಂದು ಕಾಯಿಯೂ ಇಲ್ಲ, ಬರೆದುಕೊಳ್ಳಿ. ಆದರೆ ನಾವು ನಾಲ್ಕು ಜನ ಇದ್ದೇವೆ, ಎಂಟು ಕಾಲಿವೆ, ಎಂಟೂ ಸರಿಯಾಗಿವೆ. ಅದನ್ನೂ ಬರೆದುಕೊಳ್ಳಿ."

ಯಾರೋ ಮತ್ತೆ ನಗಲು ಹೊರಟರು. ಅಷ್ಟರಲ್ಲಿ ಜನರ ನಡುವಿನಿಂದ ಪೂಣಚ್ಚ ಕೋಲೂರುತ್ತ, ಮಡಚದ ಕಾಲನ್ನು ಎಳೆಯುತ್ತ ಬಂದರು. ಮೈದಾನ ದಾಟಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಬಂದವರು ಆ ನಾಲ್ವರ ಪಕ್ಕದಲ್ಲಿ ನಿಂತರು. ಆ ಕಾಲಿನ ನಿಜವಾದ ಕಥೆ ಎರಡು ದಿನದಲ್ಲಿ ಊರೆಲ್ಲ ಹರಡಿತ್ತು, ಮತ್ತೆ ಯಾರೂ ನಗಲಿಲ್ಲ.

ಸಾಲಿನ ತುದಿಯಲ್ಲಿದ್ದ ಒಬ್ಬ ಹಿರಿಯ ತನ್ನ ಕೋವಿಯ ತೋಟಾ ತೆಗೆದ. ಎರಡು ಸಲ ನೋಡಿದ. ಬೋಲ್ಟ್ ಎಳೆದು ಬಿಟ್ಟು, ಸೇಫ್ಟಿ ಹಾಕಿ, ಮೂತಿ ಮೇಲಕ್ಕೆ ಮಾಡಿ ಹುಲ್ಲಿನ ಮೇಲೆ ಕುಟ್ಟಿದ. ಏನೂ ಸದ್ದಾಗಲಿಲ್ಲ. ಅವನು ಉಸಿರು ಬಿಟ್ಟ. ಅವನ ಪಕ್ಕದವನೂ ಕುಟ್ಟಿ ನೋಡಿದ. ಅವನ ಆಚೆಯವನೂ ನೋಡಿದ. ಹೀಗೆ ಸಾಲಿನ ಉದ್ದಕ್ಕೂ, ವರ್ಷಗಟ್ಟಲೆ ಹೂವು ಮುಡಿದ ಕೋವಿಗಳನ್ನು ಗಂಡಸರು ಮೊದಲ ಸಲ ಕುಟ್ಟಿ ನೋಡಿದರು.

ಹನ್ನೊಂದನೆಯದು ಟಕ್ ಎಂದಿತು.

ಅದು ಮೈಕು ಹಿಡಿದು ನಕ್ಕವನ ಕೋವಿ, ಅವನೂ ಒಂದು ತಂಡದವನೇ. ಅವನ ಮಗಳು ಪಕ್ಕದಲ್ಲೇ ನೆಲದ ಮೇಲೆ ಕೂತು ಕಡಲೆ ತಿನ್ನುತ್ತಿದ್ದಳು. ಅವನು ಮಗಳನ್ನು ನೋಡಿದ, ಬೊಳ್ಳಮ್ಮನನ್ನು ನೋಡಿದ, ಕೋವಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಸಾಲಿನಿಂದ ಹೊರಗೆ ಬಂದ.

ನೀತಿ: ಹೆಸರು ಎಷ್ಟೇ ದೊಡ್ಡದಿರಲಿ, ಕೈಗೆ ತೆಗೆದುಕೊಳ್ಳುವ ಮೊದಲು ಪರೀಕ್ಷಿಸಿ ನೋಡಿ. ನಾಲ್ಕು ಜನ ನಗುತ್ತಾರೆಂದು ಪರೀಕ್ಷೆ ಬಿಡಬೇಡಿ, ಆಸೆಯಾಯಿತೆಂದು ಕಂಡ ದೋಷವನ್ನು ಮುಚ್ಚಬೇಡಿ. ಪರೀಕ್ಷೆ ಮಾಡಿದರೆ ಮಾನ ಹೋಗುವುದಿಲ್ಲ. ತಪ್ಪನ್ನು ಮುಚ್ಚಿಟ್ಟು ಇನ್ನೊಬ್ಬರ ಹೆಗಲಿಗೆ ಹಾಕಿದರೆ ಹೋಗುತ್ತದೆ.